ಸಾಲಿನ ತುದಿಗೆ ನಿಲ್ಲುವ ಕಥೆ

ಕಾರ್ತಿಕದ ಬಿಸಿಲಲ್ಲಿ ಹತ್ತಿ ಬಿಡಿಸುವ ಕೆಲಸ ಸಾಗಿತ್ತು. ಆದೋನಿ ಕೋಟೆಯ ಕಥೆ ಹೇಳುವ ಗುರುಶಾಂತಮ್ಮ ಪ್ರತಿ ಸಾಲಿನ ತುದಿಗೆ ಅದನ್ನು ನಿಲ್ಲಿಸುವಳು. ಮುಂದೇನೆಂದು ಕೇಳುವ ಆಸೆಗೆ ಹೆಂಗಸರು ಹೊಸ ಸಾಲು ಹಿಡಿಯುವರು.

"ವಾಸುದೇವ ಮಾಸ್ತರು ಇದ ಕಥಿನ ಹುಡುಗರಿಗೆ ನಿನಗಿಂತ ಚಂದ ಹೇಳ್ತಾರಂತ ನೋಡಕ್ಕ," ಎಂದು ಪಕ್ಕದ ಸಾಲಿನ ಗಂಗೋತ್ರಿ ಚುಚ್ಚಿದಳು.

ಗುರುಶಾಂತಮ್ಮನ ಹೊಟ್ಟೆ ಉರಿಯಿತು. ತನ್ನಿಂದ ಕೇಳಿದ್ದನ್ನು ಕಾದಂಬರಿ ಮಾಡಿದ ಇತಿಹಾಸದ ಮಾಸ್ತರಿಗೆ ಶಾಲು, ಹಾರ. ತನ್ನ ಹೆಸರು ಎಲ್ಲೂ ಇಲ್ಲ.

ಅಷ್ಟರಲ್ಲಿ ಮಾಸ್ತರೇ ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಬಂದರು. "ಕಥಿ ಎಲ್ಲಿ ನಿಲ್ಲಿಸಬೇಕಂತ ನನಗ ಕಲಿಸಿದವರು ಇವರ," ಎಂದು ಗುರುಶಾಂತಮ್ಮನನ್ನು ಮಕ್ಕಳಿಗೆ ತೋರಿಸಿದರು.

"ಬಾಯಿಮಾತು ಸಾಕ್ರಿ," ಎಂದು ಆಕೆ ಹತ್ತಿ ತುಂಬಲು ಸೊಂಟಕ್ಕೆ ಕಟ್ಟಿದ್ದ ಉಡಿಬಟ್ಟೆ ಬಿಚ್ಚಿ ಕೊಟ್ಟಳು. "ಒಂದು ಸಾಲು ಬಿಡಸ್ರಿ."

ಮಾಸ್ತರು ಬೆವರುತ್ತ ತುದಿ ಮುಟ್ಟಿದ ಮೇಲೆಯೇ ಆಕೆ ಮಕ್ಕಳನ್ನು ಹತ್ತಿರ ಕರೆದು ಕಥೆ ಮುಂದುವರಿಸಿದಳು.