ಬಾಡಿಗೆ ಕೋಟು

ಮೂಗು ಅಣ್ಣನದೇ. ಭೂತಗನ್ನಡಿ ಹಿಡಿದು ಎಷ್ಟು ಸಲ ನೋಡಿದರೂ ಅಣ್ಣನದೇ.

ಅವನು ಕಣ್ಣುಜ್ಜಿಕೊಂಡ. ವಸ್ತುಸಂಗ್ರಹಾಲಯದ ಹಳೆಯ ಫೋಟೋಗಳ ವಿಭಾಗದಲ್ಲಿ ಕೂತು, ಕಂಡವರ ಮನೆಯ ಸತ್ತ ಹಿರಿಯರಿಗೆಲ್ಲ ಇಸವಿ ಹಚ್ಚುವುದು ಅವನ ಉದ್ಯೋಗ. ಇವತ್ತು ಮೇಜಿನ ಮೇಲಿದ್ದವನು ಸ್ವಂತ ಮನೆಯ ಹಿರಿಯ. ಸಮವಸ್ತ್ರ ತೊಟ್ಟು, ಮೀಸೆ ಹುರಿ ಮಾಡಿ, ಯುದ್ಧವನ್ನು ಆಗಲೇ ಗೆದ್ದಾಯಿತು ಎನ್ನುವ ಗತ್ತಿನಲ್ಲಿ ಕೂತ ದೊಡ್ಡಪ್ಪ. ಯುದ್ಧಕ್ಕೆ ಹೋದವನು ವಾಪಸು ಬರಲಿಲ್ಲ. ಬಾರದೇ ಇದ್ದದ್ದಕ್ಕೇ ಮನೆಯಲ್ಲಿ ಅವನಿಗೆ ಅಷ್ಟು ಮರ್ಯಾದೆ. ದಿನಾ ಗುಮಾಸ್ತಿಕೆ ಮುಗಿಸಿ ತಪ್ಪದೆ ವಾಪಸು ಬರುತ್ತಿದ್ದ ಅಪ್ಪನ ಫೋಟೋ ಯಾವ ಗೋಡೆಯನ್ನೂ ಹತ್ತಲಿಲ್ಲ.

ಅಣ್ಣ ಹುಟ್ಟಿದಾಗಿನಿಂದ ಅದೇ ಮಾತು: ದೊಡ್ಡಪ್ಪನ ಪಡಿಯಚ್ಚು. ಅಣ್ಣ ಜಗಳ ಕಾಯ್ದರೆ ಸಿಪಾಯಿ ರಕ್ತ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೆ ಸಿಪಾಯಿಗೆ ಪುಸ್ತಕ ಯಾಕೆ ಎಂಬ ಸಮಾಧಾನ. ತಮ್ಮನಾದ ಇವನು ತರಗತಿಗೇ ಮೊದಲನೆಯವನಾಗಿ ಬಂದ ದಿನವೂ ಅಮ್ಮನ ಕೈ ಅಣ್ಣನ ತಲೆ ಸವರುತ್ತಿತ್ತು. ತಲೆ ನರೆತ ಮೇಲೂ ಆ ಕೈ ನೆನಪಾದರೆ ಅವನಿಗೆ ಹೊಟ್ಟೆ ಉರಿಯುತ್ತದೆ. ಡಾಕ್ಟರೇಟು ಪಡೆದವರ ಹೊಟ್ಟೆಯೂ ಉರಿಯುತ್ತದೆ, ಏನು ಮಾಡುವುದು!

ಈ ಫೋಟೋವನ್ನು ಅಮ್ಮ ಟ್ರಂಕಿನಲ್ಲಿಟ್ಟು, ಆಗೀಗ ತೆಗೆದು ದೂರದಿಂದ ತೋರಿಸುತ್ತಿದ್ದಳೇ ಹೊರತು ಯಾರಿಗೂ ಮುಟ್ಟಲು ಕೊಟ್ಟವಳಲ್ಲ. ಅಣ್ಣ ಕೇಳಿದ, ಕೊಟ್ಟಳು. ನಿನ್ನೆ ಅಣ್ಣ ಅದನ್ನು ತಂದು ಇವನ ಕೈಗಿತ್ತಿದ್ದ.

"ದೊಡ್ಡದು ಮಾಡಿಸಿ ಕಟ್ಟು ಹಾಕ್ಸಿದೀನಿ ಕಣೋ. ಕೆಳಗೆ ಒಂದು ಹಿತ್ತಾಳೆ ತಗಡು. ಇಸವಿ ಹೇಳ್ಬಿಡು."

"ನೋಡ್ಬೇಕು."

"ನೋಡೋದೇನು? ಅದಕ್ಕೇ ತಾನೆ ನಿಂಗೆ ಸಂಬಳ?"

ಸಂಬಳ ಅದಕ್ಕೇ. ಅವನು ಮತ್ತೆ ಭೂತಗನ್ನಡಿ ಹಿಡಿದ. ಹಾಳು ಮೂಗನ್ನು ಬಿಟ್ಟು ಮೀಸೆಗೆ ಬಂದ. ಮೀಸೆಯ ಒಂದು ತುದಿ ಚರ್ಮ ಬಿಟ್ಟು ಕೂದಲೆಳೆಯಷ್ಟು ಮೇಲೆದ್ದಿತ್ತು. ಅಂಟಿಸಿದ ಮೀಸೆ!

ಅವನು ನೆಟ್ಟಗೆ ಕೂತ. ಕೋಟಿನ ಜೇಬಿನ ಮೇಲೊಂದು ಕರೆ. ಆ ಕರೆಯನ್ನು ಎಲ್ಲೋ ನೋಡಿದ್ದೇನಲ್ಲ? ಎದ್ದುಹೋಗಿ, ಮುಚ್ಚಿಹೋದ ಒಂದು ಸ್ಟುಡಿಯೋದವರು ಕೊಟ್ಟ ಫೋಟೋಗಳ ಪೆಟ್ಟಿಗೆ ತಂದು ಮೇಜಿನ ಮೇಲೆ ಸುರುವಿದ. ದರ್ಜಿ, ಶಾಲೆ ಮೇಷ್ಟ್ರು, ಗುಂಡಿ ಹಾಕಲು ಉಸಿರು ಬಿಗಿಹಿಡಿದ ಒಬ್ಬ ಡುಮ್ಮ. ಎಲ್ಲರ ಮೈಮೇಲೂ ಅದೇ ಕೋಟು, ಅದೇ ಕರೆ. ಸ್ಟುಡಿಯೋದವನು ಒಂದೇ ಒಂದು ಸಮವಸ್ತ್ರ ಇಟ್ಟುಕೊಂಡು, ಅರ್ಧ ಗಂಟೆಯ ಮಟ್ಟಿಗೆ ಶೂರರಾಗಲು ಬಂದವರಿಗೆಲ್ಲ ತೊಡಿಸುತ್ತಿದ್ದ.

ಅಮ್ಮ ಕೊಟ್ಟ ಫೋಟೋದ ರಟ್ಟು ತಿರುಗಿಸಿದ. ಸ್ಟೇಷನ್ ರಸ್ತೆಯ ವಿಳಾಸದ ಮುದ್ರೆ. ಸ್ಟುಡಿಯೋ ಆ ರಸ್ತೆಗೆ ಬಂದದ್ದು ಯುದ್ಧ ಮುಗಿದ ಮೇಲೆ, ದೊಡ್ಡಪ್ಪ ಸತ್ತದ್ದು ಯುದ್ಧದ ನಡುವೆ. ಸತ್ತವನು ಎದ್ದುಬಂದು ಮೀಸೆ ಅಂಟಿಸಿಕೊಂಡು ಫೋಟೋಗೆ ಕೂರುತ್ತಾನೆಯೇ?

ಅವನು ಬಾಗಿಲು ಹಾಕಿಕೊಂಡು ನಕ್ಕ. ಬಹಳ ವರ್ಷಗಳ ಮೇಲೆ ಹಾಗೆ ನಕ್ಕದ್ದು. ಅಣ್ಣ ಯಾರೋ ದಾರಿಹೋಕನ ಪಡಿಯಚ್ಚು!

ಸಂಜೆ ಬಸ್ಸಿನುದ್ದಕ್ಕೂ ಆ ಮಾತನ್ನೇ ನಾಲಿಗೆಯ ಮೇಲೆ ಹೊರಳಿಸಿದ. ಬಾಗಿಲು ತೆರೆದ ಅತ್ತಿಗೆ, "ನಿಮ್ಮಣ್ಣ ಮೊಳೆ ತರೋಕೆ ಹೋಗಿದಾರೆ, ಕೂತ್ಕೊಳ್ಳಿ," ಎಂದು ಒಳಗೆ ಹೋದಳು. ಕಟ್ಟು ಹಾಕಿದ ದೊಡ್ಡ ಫೋಟೋ ಗೋಡೆಗೊರಗಿ ನಿಂತಿತ್ತು. ಅಮ್ಮ ಕಿಟಕಿಯ ಬಳಿ ಕುರ್ಚಿಯಲ್ಲಿದ್ದಳು. ಅಣ್ಣ ಬರುವವರೆಗೆ ಕಾಯಲು ಅವನಿಂದಾಗಲಿಲ್ಲ.

"ಅಮ್ಮ, ಇದು ದೊಡ್ಡಪ್ಪ ಅಲ್ಲ."

"ಅಲ್ಲ," ಎಂದಳು ಅಮ್ಮ.

ಅಮ್ಮ ಫೋಟೋದತ್ತ ಗದ್ದ ತೋರಿದಳು.

"ಮೀಸೆ ತೆಗ್ದು ಕನ್ನಡಕ ಹಾಕಿ ನೋಡು. ಯಾರು?"

ನೋಡಿದ. ಅಪ್ಪ. ದಪ್ಪ ಗಾಜಿನ ಹಿಂದೆ ಆ ಮೂಗನ್ನು ಅವನು ಯಾವತ್ತೂ ನೋಡಿಯೇ ಇರಲಿಲ್ಲ.

"ನಂಗೆ ನಿಮ್ಮ ದೊಡ್ಡಪ್ಪನ ಜೊತೇಲಿ ಮದುವೆ ಮಾತಾಗಿತ್ತು. ಅವರು ಬರ್ಲಿಲ್ಲ. ಇವರ ಜೊತೆ ಮಾಡಿದ್ರು," ಅಮ್ಮ ಸೆರಗಿನ ತುದಿ ಸುತ್ತುತ್ತಿದ್ದಳು. "ಮದುವೆಯಾದ ಹೊಸದರಲ್ಲಿ ಒಂದಿನ ಈ ಫೋಟೋ ತಂದು ಕೈಲಿಟ್ರು. ನನ್ನ ಮುಖ ನೋಡ್ತಾ ನಿಂತ್ಕೊಂಡ್ರು."

"ನೀನೇನಂದೆ?"

"ಭಾವನವರ ಫೋಟೋ ಎಲ್ಲಿ ಸಿಕ್ತು ಅಂದೆ."

"ಗುರುತು ಸಿಗ್ಲಿಲ್ವಾ?"

"ಸಿಕ್ತು."

ಒಳಗೆ ಪಾತ್ರೆ ಸದ್ದಾಯಿತು.

"ಮತ್ಯಾಕಮ್ಮ?"

"ಸಿಟ್ಟು ಬಂತು ಕಣೋ. ಕೋಟು ಹಾಕ್ಕೊಂಡ್ರೆ ಅವರಾಗ್ಬಿಡ್ತಾರಾ? ಒಂದು ಮಾತು ಆಡಿದ್ರೆ ನಾನೂ ಆಡ್ತಿದ್ದೆ. ಆಡ್ಲಿಲ್ಲ. ಸಾಯೋವರ್ಗೂ ಆಡ್ಲಿಲ್ಲ."

ಅಷ್ಟರಲ್ಲಿ ಅಣ್ಣ ಸುತ್ತಿಗೆ, ಮೊಳೆ ಹಿಡಿದು ಬಂದ. "ಏನೋ ವಿದ್ವಾಂಸ, ಇಸವಿ ಸಿಕ್ತಾ? ತಗಡಿನವನು ಕಾಯ್ತಿದಾನೆ."

ಅವನು ಅಣ್ಣನ ಮೂಗನ್ನು ನೋಡಿದ. ನಿಜ ಹೇಳಿದರೆ ಸಿಪಾಯಿ ಹೋಗುತ್ತಾನೆ, ಅಪ್ಪ ಬರುತ್ತಾನೆ. ಅಪ್ಪನೂ ಅಣ್ಣನ ಮುಖಕ್ಕೇ ಬರುತ್ತಾನೆ. ಇವನ ಪಾಲಿಗೆಂದು ಇದ್ದದ್ದು ಆ ಸಪ್ಪೆ ಮನುಷ್ಯನೊಬ್ಬನೇ. ಅವನನ್ನೂ ಕೊಟ್ಟುಬಿಡುವುದೇ? ಬಸ್ಸಿನಲ್ಲಿ ಅಷ್ಟು ರುಚಿಯಾಗಿದ್ದ ಮಾತನ್ನು ನುಂಗಿಕೊಂಡ.

"ಯುದ್ಧಕ್ಕೆ ಹೋಗೋ ಹಿಂದಿನ ವರ್ಷದ್ದು," ಎಂದ.

"ಅನುಮಾನ ಇಲ್ಲ ತಾನೆ?"

"ಇಲ್ಲ."

ಅಣ್ಣ ತಗಡಿನವನಿಗೆ ಫೋನು ಮಾಡುತ್ತ ಆಚೆ ತಿರುಗಿದ. ಅಮ್ಮ ಇವನನ್ನು ಬಹಳ ಹೊತ್ತು ನೋಡಿದಳು. "ನೀನು ನಿಮ್ಮಪ್ಪನ ಹಾಗೇ ಕಣೋ," ಎಂದಳು. ಆ ದನಿಯಲ್ಲಿ ಪ್ರೀತಿಯಿತ್ತೋ, ಹಳೆಯ ಸಿಟ್ಟಿತ್ತೋ, ತಿಳಿಯಲಿಲ್ಲ.

"ಬಾರೋ, ಕೈ ಹಚ್ಚು," ಅಣ್ಣ ಕರೆದ. "ಎಷ್ಟೆತ್ತರಕ್ಕೆ ಮೊಳೆ ಹೊಡೀಬೇಕು ನೋಡ್ಬೇಕು. ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಂಡು ಮುಂದೆ ಹಿಡ್ಕೋ."

ಅವನು ಕಟ್ಟನ್ನು ಎದೆಯ ಮುಂದೆ ಹಿಡಿದು ನಿಂತ.

"ಇನ್ನೂ ಮೇಲೆ. ಇನ್ನೂ ಸ್ವಲ್ಪ."

ಕಟ್ಟು ಮೇಲೇರಿ ಅವನ ಗದ್ದ, ಬಾಯಿ, ಕಣ್ಣು ದಾಟಿತು. ಎದುರಿಗೆ ಬರೀ ರಟ್ಟಿನ ಬೆನ್ನು, ಹಸಿ ಅಂಟಿನ ವಾಸನೆ. ಆಚೆ ಅತ್ತಿಗೆ ಬಂದು ನಿಂತದ್ದು ಕೇಳಿಸಿತು.

"ಅಬ್ಬಾ, ಜೀವ ಬಂದ ಹಾಗಿದೆ," ಎಂದಳು.

"ಹಾಂ, ಅಲ್ಲೇ! ಅಲುಗಾಡ್ಬೇಡ," ಎಂದ ಅಣ್ಣ. "ಗುರುತು ಹಾಕೋಕೆ ಪೆನ್ಸಿಲ್ ತರ್ತೀನಿ."

ಹೆಜ್ಜೆಗಳು ಒಳಗೆ ಹೋದವು. ಕಿಟಕಿಯ ಬಳಿಯ ಕುರ್ಚಿ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಒಳಗೆ ಯಾರೋ ಟೀ ಬಸಿಯುತ್ತಿದ್ದರು. ಅಣ್ಣ ಏನೋ ಹೇಳಿದ, ಅತ್ತಿಗೆ ನಕ್ಕಳು. ತೋಳು ನೋಯತೊಡಗಿತು. ಇಳಿಸಲೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ರಟ್ಟಿಗೆ ಹಣೆ ತಾಗಿಸಿ, ಸಿಪಾಯಿಯನ್ನು ಮುಂದೆ ಹಿಡಿದುಕೊಂಡು ಹಾಗೇ ನಿಂತಿದ್ದ.