ಬಗ್ಗಿದ ಕಂಬದ ಕೆಳಗೆ

ನಮ್ಮ ಬಂದರಿನಲ್ಲಿ ಮರದ ಹಾಯಿಕಂಬಕ್ಕೆ ಯಾರೂ ಬಣ್ಣ ಬಳಿಯುವುದಿಲ್ಲ, ವಾರ್ನಿಷ್ ಹಚ್ಚುತ್ತಾರೆ. ಮರದ ನಾರು, ಗಂಟು, ಬಿರುಕು ಎಲ್ಲವೂ ಕಣ್ಣಿಗೆ ಕಾಣುತ್ತಿರಬೇಕು. ನನ್ನ ಗಂಡ ಯೆರ್ಕೊ ಮಾತ್ರ, ಕಳೆದ ಚಳಿಗಾಲದಲ್ಲಿ ಕಂಬ ಸೀಳಿತೆಂದು ತಾನೇ ಓರೆಯಾಗಿ ಕೊಯ್ದು, ಹೊಸ ತುಂಡು ಸೇರಿಸಿ ಅಂಟು ಹಾಕಿ, ಸೇರಿಸಿದ ಜಾಗಕ್ಕೆ ದಪ್ಪಗೆ ಬಿಳಿ ಬಣ್ಣ ಹೊಡೆದ. ಯಾಕೆಂದು ಕೇಳಿದೆ.

"ಬಿಸಿಲಿಗೆ ಒಳ್ಳೇದು ಮಾರಾಯ್ತಿ," ಅಂದ.

ಇಷ್ಟು ವರ್ಷ ಜೊತೆಗೆ ಬಾಳಿದ ಮೇಲೆ ಗಂಡ ಸುಳ್ಳು ಹೇಳುತ್ತಿದ್ದಾನೆ ಅನ್ನುವುದು ತಿಳಿಯುತ್ತದೆ. ಯಾವ ಸುಳ್ಳು ಅನ್ನುವುದು ತಿಳಿಯುವುದಿಲ್ಲ. ನಾನು ಆಲಿವ್ ಕೊಯ್ಲಿನ ಕೆಲಸದಲ್ಲಿದ್ದೆ, ಸುಮ್ಮನಾದೆ.

ಅಕ್ಟೋಬರಿನ ಹಾಯಿದೋಣಿ ಪಂದ್ಯಕ್ಕೆ ಅದೇ ಕಂಬದಲ್ಲಿ ಹೊರಟೆವು. ಬ್ರಾಚ್ ದ್ವೀಪದ ಹತ್ತಿರ ತೇಲುಗುಂಡು ಸುತ್ತಿ ವಾಪಸು ಬರಬೇಕು, ದೋಣಿಗೆ ಇಬ್ಬರು. ಚುಕ್ಕಾಣಿ ನನ್ನದು. ಅವನ ಕೈಗೆ ಕೊಟ್ಟರೆ ಪಕ್ಕದ ದೋಣಿಯವರ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಹಗ್ಗ, ಹಾಯಿ ಅವನದು. ಭಾರ ಅಂತ ಮೋಟರನ್ನು ಮನೆಯಲ್ಲೇ ಬಿಟ್ಟಿದ್ದ. ತೇಲುವ ಅಂಗಿಯನ್ನು, ನಮ್ಮೂರ ಗಂಡಸರೆಲ್ಲ ಮಾಡುವ ಹಾಗೆ, ಕೂರಲು ಮೆತ್ತಗಿರುತ್ತದೆಂದು ಕುಂಡೆ ಕೆಳಗೆ ಹಾಕಿಕೊಂಡಿದ್ದ.

ಹೋಗುವಾಗ ಗಾಳಿ ಬೆನ್ನಿಗಿತ್ತು, ನಗುತ್ತಾ ಹೋದೆವು. ತೇಲುಗುಂಡು ಸುತ್ತಿ ಮನೆಯ ಕಡೆ ತಿರುಗಿದ ಮೇಲೆ ಊರ ಹಿಂದಿನ ಬಿಯೊಕೊವೊ ಬೆಟ್ಟದ ನೆತ್ತಿಯಲ್ಲಿ ಬಿಳಿ ಮೋಡ ಟೋಪಿ ಹಾಕಿದ್ದು ಕಂಡಿತು. ಬೆಟ್ಟದಿಂದ ಬೂರಾ ಎಂಬ ಬಿರುಗಾಳಿ ಇಳಿಯುವ ಲಕ್ಷಣ ಅದು. ಸ್ವಲ್ಪ ಹೊತ್ತಿಗೆ ಇಳಿದೇಬಿಟ್ಟಿತು, ನೇರ ನಮ್ಮ ಮುಖಕ್ಕೆ. ನೀರಿನ ಹೊಗೆ ಎದ್ದು ಮಿಕ್ಕ ದೋಣಿಗಳೆಲ್ಲ ಮರೆಯಾದವು.

ಕಂಬದ ತುದಿಯಿಂದ ದೋಣಿಯ ಹಿಂಬದಿಗೆ ಒಂದು ತಂತಿ ಇಳಿಯುತ್ತದೆ. ಅದರ ಕೆಳಗೆ ರಾಟೆ, ರಾಟೆಗೆ ಹಗ್ಗ. ಹಗ್ಗ ಎಳೆದರೆ ಕಂಬದ ತುದಿ ಹಿಂದಕ್ಕೆ ಬಾಗುತ್ತದೆ, ನಡು ಮುಂದಕ್ಕೆ ಉಬ್ಬುತ್ತದೆ, ಬಿಲ್ಲಿನ ಹಾಗೆ. ಆಗ ಹಾಯಿಯ ಹೊಟ್ಟೆ ಕರಗಿ ಚಪ್ಪಟೆಯಾಗಿ, ಎಂಥ ಗಾಳಿಗೂ ದೋಣಿ ಮೈ ಎತ್ತಿಕೊಂಡು ಹೋಗುತ್ತದೆ. ಸಡಿಲ ಬಿಟ್ಟರೆ ಕಂಬ ನೆಟ್ಟಗಾಗಿ, ಹಾಯಿ ಹೊಟ್ಟೆ ಬಿಟ್ಟು, ಗಾಳಿ ಅದರೊಳಗೆ ಹೊಕ್ಕು ದೋಣಿಯನ್ನು ಕೆಡವುತ್ತದೆ. ಇದು ನಮ್ಮೂರ ಮಕ್ಕಳಿಗೂ ಗೊತ್ತು.

"ಎಳಿಯೋ ಇನ್ನೂ," ಅಂದೆ.

"ಎಳ್ದಿದೀನಲ್ಲ."

"ಏನು ಎಳ್ದಿದೀಯ, ದನ ಕಟ್ಟೋ ಹಗ್ಗದ ಹಾಗೆ ಜೋತಾಡ್ತಿದೆ. ಇನ್ನೆರಡು ಹಿಡಿ ಎಳಿ."

"ಸಾಕು ಪೆರಿನಾ. ಇಷ್ಟು ಸಾಕು."

ಹುಟ್ಟಿದಾಗಿನಿಂದ ಯಾವುದಕ್ಕೂ ಸಾಕು ಅನ್ನದ ಮನುಷ್ಯ. ತಿರುಗಿ ನೋಡಿದೆ. ಅವನ ಕಣ್ಣು ಹಾಯಿಯ ಮೇಲಿರಲಿಲ್ಲ, ಆ ಬಿಳಿ ಬಣ್ಣದ ಮೇಲಿತ್ತು.

ಗಾಳಿಯ ಮುಂದಿನ ಹೊಡೆತ ಬರುವುದು ದೂರದಿಂದಲೇ ಕಂಡಿತು, ನೀರು ಕಪ್ಪಾಗುತ್ತಾ ಬಂತು. ಬಡಿದ ಕೂಡಲೇ ಮೇಲೆ ಮರ ಚಟ್ ಅಂದಿತು. ಯಾರೇ ಆಗಲಿ ಆ ಹೊತ್ತಿನಲ್ಲಿ ಹಗ್ಗ ಎಳೆಯುತ್ತಾರೆ. ಯೆರ್ಕೊ ಹಿಂಬದಿಗೆ ಬಗ್ಗಿ ಹಗ್ಗವನ್ನು ಪೂರ್ತಿ ಬಿಟ್ಟುಬಿಟ್ಟ. ಕಂಬ ನೆಟ್ಟಗಾಯಿತು, ಹಾಯಿ ಉಬ್ಬಿತು, ದೋಣಿ ಮಗ್ಗುಲಾಗಿ ಬಿತ್ತು. ನನ್ನ ಸೊಂಟದವರೆಗೆ ನೀರು. ಕಷ್ಟಪಟ್ಟು ದೋಣಿ ಎದ್ದಾಗ ಹಿಂಬದಿಯಲ್ಲಿ ಅವನಿರಲಿಲ್ಲ.

ತೇಲುವ ಅಂಗಿ ಇದ್ದಲ್ಲೇ ಸಿಕ್ಕಿಕೊಂಡಿತ್ತು. ಎತ್ತಿ ಎಸೆದೆ, ಗಾಳಿ ಅದನ್ನು ಬ್ರಾಚ್ ಕಡೆ ಹಾರಿಸಿಕೊಂಡು ಹೋಯಿತು. ಯೆರ್ಕೊನ ತಲೆ ಗಾಳಿ ಬರುವ ದಿಕ್ಕಿನಲ್ಲಿ, ಅಲೆಯ ನಡುವೆ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ದೋಣಿ ಅವನಿಂದ ದೂರ ಜಾರುತ್ತಿದೆ. ಮುಂದಿನ ಚಿಕ್ಕ ಹಾಯಿಯ ಹಗ್ಗ ಬಿಟ್ಟೆ. ದೊಡ್ಡ ಹಾಯಿ ಬಿಗಿ ಹಿಡಿದು ಅವನ ಕಡೆ ತಿರುಗಿಸಿದೆ, ದೋಣಿ ಮತ್ತೆ ಮಲಗಿತು. ಸಡಿಲ ಬಿಟ್ಟೆ, ಹಾಯಿ ಬಟ್ಟೆ ಒಗೆದ ಹಾಗೆ ಬಡಿದಾಡಿತೇ ಹೊರತು ದೋಣಿ ಒಂದು ಮಾರು ಮುಂದೆ ಹೋಗಲಿಲ್ಲ. ಆ ನೀರಿನ ಚಳಿಯಲ್ಲಿ ಎಷ್ಟು ಹೊತ್ತು ತಾಳಿಯಾನು ಎಂದು ಯೋಚಿಸಲು ಮನಸ್ಸು ಒಪ್ಪಲಿಲ್ಲ.

ಉಳಿದದ್ದು ಒಂದೇ ದಾರಿ. ಹಿಂಬದಿಯ ಹಗ್ಗಕ್ಕೆ ಕೈ ಹಾಕಿದೆ.

ಅವನು ನೀರಿನಿಂದಲೇ ನೋಡಿದ. ಗಾಳಿ ಅವನ ಕಡೆಯಿಂದ ನನ್ನ ಕಡೆಗಿತ್ತು, ಒಂದೊಂದು ಮಾತೂ ಬಂದು ಮುಟ್ಟಿತು. "ಎಳೀಬೇಡ ಪೆರಿನಾ. ಜಾಯಿಂಟು ಸರಿ ಇಲ್ಲ. ಓರೆ ಗಿಡ್ಡ ಕೊಯ್ದಿದೀನಿ, ಅಂಟಿಗೆ ಹಿಡಿತ ಸಾಲದು. ಬಗ್ಗಿಸಿದ್ರೆ ನಿನ್ನ ತಲೆ ಮೇಲೇ ಬೀಳತ್ತೆ."

ಅಷ್ಟು ಹೊತ್ತು ನನಗಿದ್ದದ್ದು ಅವನ ಜೀವದ ಭಯ. ಈಗ ನನ್ನ ಜೀವದ್ದೂ ಸೇರಿತು. ಕಂಬ ಮುರಿದರೆ ನಾನು ಹೋಗುವುದು ಮಾತ್ರವಲ್ಲ, ಅವನ ಹತ್ತಿರ ಹೋಗುವವರೇ ಇರುವುದಿಲ್ಲ. ನೀರಲ್ಲಿ ಮುಳುಗುತ್ತಿರುವವನು ನನಗೆ ಬುದ್ಧಿ ಹೇಳುತ್ತಿದ್ದಾನಲ್ಲ ಎಂದು ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ ಒಂದು ಹಿಡಿ ಎಳೆದೆ. ಕಂಬ ಬಗ್ಗಿತು. ಇನ್ನೊಂದು ಹಿಡಿ. ಬಿಳಿ ಬಣ್ಣ ಅಡ್ಡಕ್ಕೆ ಸೀಳಿ ಅದರ ಚಕ್ಕೆ ನನ್ನ ಮಡಿಲಿಗೆ ಉದುರಿತು. ಮರ ನರಳುವುದು ಹಲಗೆಯ ಮೂಲಕ ಅಂಗಾಲಿಗೆ ತಿಳಿಯುತ್ತಿತ್ತು. ಮೇಲೆ ನೋಡಲೇಬಾರದು ಎಂದುಕೊಂಡು ಮೂರನೆಯ ಸಲ ಎಳೆದೆ. ಹಾಯಿ ಚಪ್ಪಟೆಯಾಯಿತು, ದೋಣಿ ಎದ್ದು ಕುಳಿತು ಗಾಳಿಗೆ ಎದುರಾಗಿ ಸಾಗಿತು.

ಒಂದು ಸಲ ಅವನನ್ನು ದಾಟಿಹೋಗಿ, ತಿರುಗಿ, ಪಕ್ಕಕ್ಕೆ ಬಂದೆ. ಬೆಲ್ಟು ಹಿಡಿದು ದೋಣಿಯೊಳಕ್ಕೆ ಎಳೆದುಹಾಕಿದೆ. ತುಟಿ ನೀಲಿಯಾಗಿತ್ತು. ಉಸಿರು ತಿರುಗಿದ್ದೇ ತಡ, ತೆವಳಿಕೊಂಡು ಹೋಗಿ ಹಗ್ಗ ಬಿಡಿಸಲು ಕೈ ಚಾಚಿದ. ಆ ಕೈಯನ್ನು ಕಾಲಿನಿಂದ ತುಳಿದು ಹಿಡಿದೆ.

"ಮುರಿಯತ್ತೆ ಕಣೇ."

"ಬಿಟ್ರೆ ಮತ್ತೆ ಮಲಗತ್ತೆ. ಈ ಸಲ ಎತ್ತೋಕೆ ಯಾರೂ ಇರಲ್ಲ. ಮನೆ ಮುಟ್ಟೋ ತನಕ ಹೀಗೇ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಹಲ್ಲು ಕಟಕಟ ಅನ್ನುತ್ತಿತ್ತು.

"ಚಳಿಗಾಲದಲ್ಲೇ ಯಾಕೆ ಹೇಳ್ಲಿಲ್ಲ ಮಾರಾಯ?"

"ಒಂದು ಕಡೆ ತಪ್ಪಿ ಕೊಯ್ದೆ. ಸರಿ ಮಾಡಕ್ಕೆ ಹೋಗಿ ಇನ್ನೂ ಗಿಡ್ಡ ಆಯ್ತು," ಅಂದ. ಆಮೇಲೆ ಮೆಲ್ಲಗೆ, "ನೀನು ನಗ್ತೀಯಲ್ಲ."

ನಗುತ್ತಿದ್ದೆ, ಸುಳ್ಳಲ್ಲ. ಬ್ರೆಡ್ಡಿನಂಗಡಿಯ ಸಾಲಿನಲ್ಲಿ ನಿಂತು ಊರಿಗೆಲ್ಲ ಹೇಳಿ ನಗುತ್ತಿದ್ದೆ. ನನ್ನ ನಾಲಿಗೆಗೆ ಹೆದರಿ ಈ ಮನುಷ್ಯ ಸಮುದ್ರಕ್ಕೆ ಹೆದರದೆ ಹೊರಟುಬಂದಿದ್ದ.

ಮುಂದೆ ನೀರು ಮತ್ತೆ ಕಪ್ಪಾಗುತ್ತಿತ್ತು, ಹಿಂದಿನದಕ್ಕಿಂತ ಅಗಲವಾಗಿ. ಇದ್ದ ಬಿಗಿ ಅದಕ್ಕೆ ಸಾಲದು, ಇಬ್ಬರಿಗೂ ಗೊತ್ತಿತ್ತು. ನನ್ನ ಎರಡು ಕೈಯೂ ಚುಕ್ಕಾಣಿಯ ಮೇಲಿತ್ತು.

"ಯೆರ್ಕೊ, ಇನ್ನೊಂದು ಹಿಡಿ ಬೇಕು."

ಅವನು ಹಗ್ಗದ ತುದಿ ಹಿಡಿದುಕೊಂಡು ನನ್ನ ಮುಂದೆ ಬಂದು, ನನ್ನ ಮೊಣಕಾಲಿಗೆ ಬೆನ್ನು ಕೊಟ್ಟು ಕುಳಿತ. ಕಂಬ ಮುರಿದು ಹಿಂದಕ್ಕೆ ಬಿದ್ದರೆ ಮೊದಲು ಸಿಗುವುದು ಆ ಜಾಗ.

"ಅಲ್ಲಿಂದ ಏಳು."

"ಇಲ್ಲೇ ಸರಿ," ಅಂದ.

ಅವನ ಬೆನ್ನಿನ ನಡುಕ ನನ್ನ ಕಾಲಿಗೆ ತಾಗುತ್ತಿತ್ತು. ತಲೆ ಎತ್ತಿ ಕಂಬದ ಮೇಲಿನ ತನ್ನ ಕೈಗೆಲಸವನ್ನು ನೋಡುತ್ತಲೇ ಯೆರ್ಕೊ ಹಗ್ಗ ಎಳೆದ.