ದೋಷ ಸಂಖ್ಯೆ ಆರುನೂರ ಹದಿನೇಳು

"ಬಲಗಡೆಯಿಂದ ಓದಿ."

"ಬಲಗಡೆ ಕೊನೇಲಿ ಮೀನಿದೆ ಸಾರ್."

"ಮೀನಾ, ಕಣ್ಣಾ? ಮಧ್ಯೆ ಚುಕ್ಕಿ ಇದ್ರೆ ಕಣ್ಣು."

"ಚುಕ್ಕಿ ಇದೆಯೋ ನೊಣ ಕೂತಿದೆಯೋ, ತಡೀರಿ." ಪರದೆಯ ಗಾಜಿಗೆ ಬಟ್ಟೆ ಉಜ್ಜುವ ಸದ್ದು ಫೋನಿನಲ್ಲಿ ಕೇಳಿಸಿತು. "ಮೀನೇ."

"ಅದರ ಎಡಕ್ಕೆ?"

"ಹದಿನೆಂಟು. ಆಮೇಲೆ ಕೊಡೆ. ಆಮೇಲೆ ಬಾಗಿಲು."

"ಬಾಗಿಲಿಗೂ ಕೊಡೆಗೂ ನಡುವೆ ಒಂದು ಅನ್ನೋ ಅಂಕಿ ಹಾಕಿ. ನಮ್ಮ ಸುಳ್ಳು ಬಸ್ಸು ಹತ್ತಲಿ."

"ಹತ್ತಿತು. ಡ್ರೈವರ್ ಇಲ್ಲ, ಕಂಡಕ್ಟರ್ ಇಲ್ಲ, ನನ್ನ ಹಾಗೆ ಒಂದೇ." ಅವಳು ನಕ್ಕಳು. "ಈಗ?"

"ಈಗ ಹೊಸ ಮಾರ್ಗದ ಬಸ್ಸುಗಳನ್ನ ಕೆಳಗೆ ಜೋಡಿಸಿ. ಆಮೇಲೆ ಸುಳ್ಳು ಬಸ್ಸನ್ನ ಇಳಿಸಿಬಿಡಿ. ನಿಧಾನವಾಗಿ. ಅವಸರವೇನಿಲ್ಲ."

ಅವಸರವೇನಿಲ್ಲ ಎಂಬುದನ್ನು ಅವನು ಪ್ರತಿ ತಿಂಗಳ ಮೊದಲ ಸೋಮವಾರ, ನಾಲ್ಕು ಗಂಟೆಯ ಸುಮಾರಿಗೆ, ಇದೇ ದನಿಯಲ್ಲಿ ಹೇಳುತ್ತಿದ್ದ. ಆಚೆ ಕಡೆ ಇದ್ದವಳು ಒಂದು ಬಸ್ ಡಿಪೋದ ವೇಳಾಪಟ್ಟಿ ವಿಭಾಗದವಳು. ಊರಿನ ಬಸ್ಸುಗಳು ಯಾವ ಗಂಟೆಗೆ ಎಲ್ಲಿರಬೇಕು ಎಂಬುದನ್ನು ಲೆಕ್ಕ ಹಾಕುವ ಪ್ರೋಗ್ರಾಮು ಅವನ ಕಂಪನಿ ಕಟ್ಟಿದ ಕಂಪ್ಯೂಟರ್ ಭಾಷೆಯಲ್ಲಿತ್ತು. ಬರೆದವನು ಎಂದೋ ನಿವೃತ್ತನಾಗಿದ್ದ. ಹನ್ನೊಂದು ವರ್ಷಗಳಿಂದ ಅವಳು ಅದನ್ನು ಓಡಿಸುತ್ತಿದ್ದಳು, ಅವನು ಫೋನಿನಲ್ಲಿ ಜೊತೆಗಿರುತ್ತಿದ್ದ. ಅವಳ ಮುಖವನ್ನು ಅವನು ನೋಡಿರಲಿಲ್ಲ.

ಮೊದಲೆಲ್ಲ ಈ ಹೊತ್ತಿಗೆ ಅವಳ ಕಡೆಯ ಕಿಟಕಿಯನ್ನು ಯಾರೋ ಟಕಟಕ ಬಡಿಯುತ್ತಿದ್ದರು. "ಬಂದೆ ಅಕ್ಕಾ, ಐದೇ ನಿಮಿಷ" ಎಂದು ಅವಳು ಫೋನಿಗೆ ಕೈ ಅಡ್ಡ ಹಿಡಿದು ಹೇಳುವುದು ಕೇಳಿಸುತ್ತಿತ್ತು. ಒಂದು ವರ್ಷದಿಂದ ಆ ಸದ್ದಿಲ್ಲ. ಯಾಕೆಂದು ಅವನು ಕೇಳಿರಲಿಲ್ಲ. ಸದ್ದಿಲ್ಲದಿದ್ದರೆ ಮಾತು ಇನ್ನಷ್ಟು ಹೊತ್ತು ನಡೆಯುತ್ತಿತ್ತು, ಅಷ್ಟೇ ಅವನಿಗೆ ತೋಚಿದ್ದು.

"ಮುಗೀತು ಸಾರ್. ನಾಲ್ಕು ಮುಕ್ಕಾಲು."

"ಮುಂದಿನ ತಿಂಗಳು ಸಿಗೋಣ ಮೇಡಂ."

ಫೋನು ಕೆಳಗಿಟ್ಟಾಗ ಎದುರಿನ ಮೇಜಿನಿಂದ ಟೀಚರ್ ಅವನನ್ನೇ ನೋಡುತ್ತಿದ್ದಳು.

ಟೀಚರ್ ಎಂದರೆ ನಿಜಕ್ಕೂ ಟೀಚರೇ. ಹದಿನಾರು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು, ಬೇಸತ್ತು, ಈ ಭಾಷೆಯ ಮೇಲೆ ಮೋಹಗೊಂಡು ಬಂದವಳು. ಕಂಪನಿಯಲ್ಲಿ ಈಗ ಇದ್ದವರು ಅವರಿಬ್ಬರೇ. ಕನ್ನಡಕದ ಅಂಗಡಿಯೊಂದರ ಮೇಲಿನ ಕೋಣೆ. ಕಿಟಕಿಯ ಹೊರಗೆ ಅಂಗಡಿಯ ದೊಡ್ಡ ತಗಡಿನ ಕನ್ನಡಕ ನೇತಾಡುತ್ತ ಎದುರಿನ ಗೋಡೆಯನ್ನು ದಿಟ್ಟಿಸುತ್ತಿತ್ತು.

ಆ ಭಾಷೆಯ ಮೊದಲ ಆವೃತ್ತಿಯ ಕಾಲಕ್ಕೆ ಹನ್ನೆರಡು ಜನರಿದ್ದರು. ದೊಡ್ಡ ಹಾಲು. ಟೈಪ್‌ರೈಟರಿನಂಥ ಯಂತ್ರ, ಅದರೊಳಗೆ ತಿರುಗುವ ಲೋಹದ ಗುಂಡು, ಗುಂಡಿನ ಮೈತುಂಬ ಜಗತ್ತಿನ ಯಾವ ಲಿಪಿಗೂ ಸೇರದ ಚಿಹ್ನೆಗಳು. ಒಂದು ಚಿಹ್ನೆ ಒತ್ತಿದರೆ ಸಾವಿರ ಸಂಖ್ಯೆಗಳು ಒಟ್ಟಿಗೆ ಕೂಡಿಕೊಳ್ಳುತ್ತಿದ್ದವು, ಇನ್ನೊಂದು ಒತ್ತಿದರೆ ಇಡೀ ಕೋಷ್ಟಕ ಮಗ್ಗುಲು ಬದಲಿಸುತ್ತಿತ್ತು. ಬೇರೆ ಭಾಷೆಗಳಲ್ಲಿ ಒಂದು ಪುಟ ಹಿಡಿಯುವುದು ಇಲ್ಲಿ ಒಂದು ಸಾಲು. ಆ ಸಾಲನ್ನು ಬಲದಿಂದ ಎಡಕ್ಕೆ ಓದಬೇಕು. ಇಪ್ಪತ್ತೆರಡನೆಯ ವಯಸ್ಸಿಗೆ ಸೇರಿದ ಅವನಿಗೆ ಅದು ಎಷ್ಟು ಅಂಟಿತೆಂದರೆ ರಸ್ತೆಯ ಬೋರ್ಡುಗಳನ್ನೂ ಕೊನೆಯಿಂದ ಓದತೊಡಗಿದ. ಅರವತ್ತೊಂದನೇ ನಂಬರಿನ ಬದಲು ಹದಿನಾರನೇ ನಂಬರಿನ ಬಸ್ಸು ಹತ್ತಿ ಊರಾಚೆ ಇಳಿದು ಬಂದ ದಿನ ಉಳಿದ ಹನ್ನೊಂದು ಜನ ಅವನಿಗೆ ಉಲ್ಟಾ ಎಂದು ಹೆಸರಿಟ್ಟರು. ಹೆಸರಿಟ್ಟವರು ಹೋದರು, ಹೆಸರು ಉಳಿಯಿತು.

ಎರಡನೇ ಆವೃತ್ತಿಗೆ ಹಾಲು ಸಾಲದಾಯಿತು. ಮೂರರಲ್ಲಿ ಒಂದು ಕೋಷ್ಟಕದ ಮನೆಯೊಳಗೆ ಇನ್ನೊಂದು ಕೋಷ್ಟಕ ಇಡಬಹುದಾಯಿತು. ಇಡಬೇಕೋ ಬೇಡವೋ ಎಂದು ಜಗಳವಾಗಿ ಐವರು ಎದ್ದುಹೋಗಿ ತಮ್ಮದೇ ಭಾಷೆ ಕಟ್ಟಿಕೊಂಡರು. ನಾಲ್ಕರಲ್ಲಿ ಪರದೆ ಬಂತು, ಗುಂಡು ಮೂಲೆ ಸೇರಿತು. ಐದು, ಆರು: ಕೀಲಿಮಣೆಗೆ ಚಿಹ್ನೆಗಳ ಚೀಟಿ ಅಂಟಿಸುವ ಕೆಲಸ. ಏಳರ ಹೊತ್ತಿಗೆ ನಾಲ್ವರು. ಎಂಟರ ಹೊತ್ತಿಗೆ ಅವನೊಬ್ಬ. ಈಗ ಒಂಬತ್ತನ್ನು ಟೀಚರ್ ತಳಪಾಯದಿಂದ ಹೊಸದಾಗಿ ಬರೆದಿದ್ದಳು. ಅದು ಎಂಟಕ್ಕಿಂತ ನಲವತ್ತು ಪಟ್ಟು ವೇಗವಾಗಿತ್ತು.

"ಸಾರ್," ಟೀಚರ್ ಹಳೆಯ ದಪ್ಪ ರಿಜಿಸ್ಟರನ್ನು ಅವನ ಮೇಜಿನ ಮೇಲಿಟ್ಟಳು. ಆವೃತ್ತಿಗಳಲ್ಲಿ ಕಂಡ ದೋಷಗಳನ್ನೆಲ್ಲ ಬರೆದಿಡುವ ರಿಜಿಸ್ಟರು. "ಆರುನೂರ ಹದಿನೇಳು."

ಅವನು ನೋಡದೆಯೇ ತಲೆಯಾಡಿಸಿದ.

"ಖಾಲಿ ಕೋಷ್ಟಕ, ಮೇಲಿಂದ ಕೆಳಕ್ಕಿರೋ ತನ್ನ ಕಂಬಸಾಲು ಎಷ್ಟು ಅಂತ ಮರೆತುಬಿಡುತ್ತೆ. ಒಂದು ಮಾರ್ಗದಲ್ಲಿ ಬಸ್ಸೇ ಇಲ್ಲ ಅಂದ್ರೆ, ದಿನಕ್ಕೆ ಹದಿನೆಂಟು ಗಂಟೆ ಅನ್ನೋದೂ ಇಲ್ಲ ಅಂದುಕೊಳ್ಳುತ್ತೆ. ನನ್ನ ಕ್ಲಾಸಿಗೆ ಎಷ್ಟೋ ದಿನ ಒಬ್ಬರೂ ಬರ್ತಿರಲಿಲ್ಲ ಸಾರ್, ಹಾಗಂತ ಬೆಂಚುಗಳು ಎದ್ದು ಹೋಗ್ತಿದ್ವಾ?"

"4.2ನೇ ಆವೃತ್ತೀಲಿ ನಾನೇ ಮಾಡಿದ ಎಡವಟ್ಟು. ಜಾಗ ಉಳಿಸೋಕೆ ಹೋದೆ."

"ಸರಿ, ಆಗುತ್ತೆ. ಆದರೆ ಸರಿ ಮಾಡೋದು ಹೇಗೆ ಅಂತ ಇಲ್ಲೇ ಪಕ್ಕದಲ್ಲಿ ಬರೆದಿದ್ದೀರಿ. ನಿಮ್ಮದೇ ಅಕ್ಷರ. ಒಂದು ಸಾಲು. ತಾರೀಖು ಹನ್ನೊಂದು ವರ್ಷದ ಹಿಂದಿನದು." ಅವಳು ಬೆರಳಿಟ್ಟಳು. "ಅದರ ಮುಂದೆ 'ಗಮನಿಸಲಾಗುತ್ತಿದೆ' ಅಂತ. ಏನನ್ನ ಗಮನಿಸ್ತಾ ಇದ್ದಿರಿ?"

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

"ಈ ಭಾಷೇಲಿ ಇದರಿಂದ ತೊಂದರೆ ಆಗೋದು ಒಬ್ಬರಿಗೇ ಅಲ್ವಾ?" ಟೀಚರ್ ದನಿ ತಗ್ಗಿಸಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲವಾದರೂ ತಗ್ಗಿಸಿದಳು. "ಸೋಮವಾರದವರಿಗೆ."

"4.3ರಲ್ಲಿ ಹಾಕೋಣ ಅಂತಿದ್ದೆ."

"ಆಮೇಲೆ ಐದರಲ್ಲಿ."

"ಆಮೇಲೆ ಹಾಗೇ ಉಳೀತು ಟೀಚರ್."

ಹಾಗೇ ಉಳಿದದ್ದು ಹೇಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮನೆಯ ಫೋನು ವರ್ಷಕ್ಕೊಮ್ಮೆ ಬಡಿದುಕೊಳ್ಳುತ್ತಿತ್ತು. ಅವನ ತಮ್ಮ, ಹಲ್ಲುನೋವಿನ ಮಾತ್ರೆಯ ಹೆಸರು ಕೇಳುತ್ತಿದ್ದ. ಆಫೀಸಿನಲ್ಲಿ ಮೇಜುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಮೊದಲ ಸಲ ಅವಳು ಫೋನ್ ಮಾಡಿ "ನಿಮ್ಮ ಭಾಷೆಗೆ ಏನೋ ತಲೆಕೆಟ್ಟಿದೆ ನೋಡಿ" ಎಂದು ಗದರಿದ್ದಳು. ಕಾಲು ಗಂಟೆಯಲ್ಲಿ ದೋಷ ಸಿಕ್ಕಿತ್ತು. ಅಂದಿನ ಮಟ್ಟಿಗೆ, ಕೋಷ್ಟಕ ಖಾಲಿ ಇರದಂತೆ ಇಲ್ಲದ ಬಸ್ಸೊಂದನ್ನು ಸೇರಿಸುವ ಸುಳ್ಳು ಬಸ್ಸಿನ ಉಪಾಯ ಹೇಳಿಕೊಟ್ಟ. ಮುಂದಿನ ತಿಂಗಳು ಅವಳು ಮತ್ತೆ ಫೋನ್ ಮಾಡಿದಳು, ಈ ಸಲ ಗದರಲಿಲ್ಲ. ಮೂರನೆಯ ತಿಂಗಳು ಮೀನಿಗೆ ಮೀನೆಂದು ಹೆಸರಿಟ್ಟಳು. ಆರನೆಯ ತಿಂಗಳು, "ಇದನ್ನ ನನಗೇ ಕಲಿಸಿಬಿಡಿ ಸಾರ್, ನಿಮಗ್ಯಾಕೆ ತೊಂದರೆ" ಎಂದಳು. "ಬೇಡ ಮೇಡಂ, ಒಂದು ಚಿಹ್ನೆ ಹೆಚ್ಚುಕಮ್ಮಿ ಆದ್ರೆ ಊರಿನ ಬಸ್ಸೆಲ್ಲ ನಿಲ್ಲುತ್ತೆ" ಎಂದು ಅವನು ಹೆದರಿಸಿದ. ಬಸ್ಸೇನೂ ನಿಲ್ಲುತ್ತಿರಲಿಲ್ಲ.

"ಒಂಬತ್ತರಲ್ಲಿ ಇದನ್ನ ಸರಿಮಾಡಿದ್ದೀನಿ," ಎಂದಳು ಟೀಚರ್. "ನಾನು ಬರೆದಿದ್ದರಲ್ಲಿ ಮರೆವು ಇರೋದಿಲ್ಲ. ಟಿಪ್ಪಣೀನೂ ನಾನೇ ಬರೆದೆ."

ಪ್ರತಿ ಆವೃತ್ತಿಯ ಜೊತೆಗೂ ಏನೇನು ಬದಲಾಗಿದೆ ಎಂಬ ಟಿಪ್ಪಣಿ ಹೋಗುತ್ತಿತ್ತು. ಎಂಟು ಆವೃತ್ತಿಗಳ ಟಿಪ್ಪಣಿಯನ್ನೂ ಅವನೇ ಬರೆದಿದ್ದ. ಅವಳು ಹೊರಗೆ ಹೋದ ಮೇಲೆ ಒಂಬತ್ತರದನ್ನು ಪರದೆಯ ಮೇಲೆ ತೆರೆದ. ಮೂರನೆಯ ಪುಟದಲ್ಲಿತ್ತು: "617. ಖಾಲಿ ಕೋಷ್ಟಕವು ತನ್ನ ಕಂಬಸಾಲುಗಳನ್ನು ಮರೆಯುತ್ತಿತ್ತು. ಇದು 4.2ರಿಂದಲೂ ತಿಳಿದಿತ್ತು. ಸರಿಪಡಿಸಲಾಗಿದೆ." ನಡುವಿನ ವಾಕ್ಯವನ್ನು ಅವನು ಅಳಿಸಿದ. ಮೂರು ವಾಕ್ಯ ಎರಡಾಯಿತು. ಎರಡೂ ನಿಜವೇ ಆಗಿದ್ದವು.

ಮುಂದಿನ ತಿಂಗಳ ಮೊದಲ ಸೋಮವಾರ ಅವನು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಡಿಪೋಗೆ ಹೊರಟ. ಡಿಪೋದ ಕಂಪ್ಯೂಟರಿಗೆ ಹೊರಗಿನ ಸಂಪರ್ಕವಿರಲಿಲ್ಲ. ಎಂಟರವರೆಗೆ ಡಿಸ್ಕು ಅಂಚೆಯಲ್ಲಿ ಹೋಗುತ್ತಿತ್ತು, ಒಂಬತ್ತು ಪೂರ್ತಿ ಹೊಸದಾದ್ದರಿಂದ ಯಾರಾದರೂ ಹೋಗಿ ಹಾಕಿಕೊಡಲೇಬೇಕಿತ್ತು. ಟೀಚರ್ ಹೋಗುತ್ತೇನೆಂದಳು. "ನಾನೇ ಹೋಗ್ತೀನಿ" ಎಂದ. ಅವಳು ಅವನ ಶರ್ಟನ್ನೊಮ್ಮೆ ನೋಡಿ, ತಗಡಿನ ಕನ್ನಡಕದ ಕಡೆ ತಿರುಗಿಕೊಂಡಳು.

ದಾರಿಯುದ್ದಕ್ಕೂ ಅವನು ಹೇಳಬೇಕಾದ್ದನ್ನು ಜೋಡಿಸಿಕೊಂಡ. ಮೊದಲು ಒಂಬತ್ತರ ವೇಗ. ಆಮೇಲೆ, ಇನ್ನು ಸುಳ್ಳು ಬಸ್ಸು ಬೇಡ ಎಂಬುದು. ಆಮೇಲೆ, ಹಾಗಂತ ಫೋನ್ ಮಾಡುವುದನ್ನು ಬಿಡಬೇಕಿಲ್ಲ ಎಂಬುದು. ಕೊನೆಯದನ್ನು ಎಷ್ಟು ಸಲ ತಿರುವಿ ಹಾಕಿದರೂ ಅದು ಬಾಯಲ್ಲಿ ಸರಿಯಾಗಿ ಕೂರಲಿಲ್ಲ.

ವೇಳಾಪಟ್ಟಿಯ ಕೋಣೆ ಚಿಕ್ಕದು. ಒಂದು ಮೇಜು, ಗೋಡೆಯ ಗಡಿಯಾರ, ಬಸ್ಸು ನಿಲ್ಲುವ ಅಂಗಳದ ಕಡೆಗೊಂದು ಕಿಟಕಿ. ಕಿಟಕಿಯ ಗಾಜಿನ ಕೆಳಮೂಲೆಯಲ್ಲಿ ಮಸುಕು ಹಿಡಿದಿತ್ತು. ಅವಳು ಫೋನಿನ ದನಿಗಿಂತ ಎತ್ತರವಾಗಿದ್ದಳು. ಕೂದಲನ್ನು ತೀರಾ ಗಿಡ್ಡವಾಗಿ ಕತ್ತರಿಸಿಕೊಂಡಿದ್ದಳು. ಅದನ್ನು ಅವನು ಊಹಿಸಿರಲಿಲ್ಲ.

"ಬನ್ನಿ ಸಾರ್." ಅದೇ ದನಿ, ಆದರೆ ನಗುವಿರಲಿಲ್ಲ. "ಕೂತ್ಕೊಳ್ಳಿ. ಹಾಕಿ."

ಅವನು ಹಾಕಿದ. ಈ ತಿಂಗಳು ಖಾಲಿಯಾಗಿದ್ದ ಮಾರ್ಗ ಇಪ್ಪತ್ತೇಳನೆಯದು. ಅವಳು ಹೊಸ ಬಸ್ಸುಗಳನ್ನು ಕೆಳಗೆ ಜೋಡಿಸಿದಳು. ಪರದೆ ಒಮ್ಮೆ ಮಿಣುಕಿ ಇಡೀ ಊರಿನ ಕೋಷ್ಟಕ ಬಂದು ನಿಂತಿತು.

"ಆಯ್ತಾ?"

"ಆಯ್ತು."

ಅವಳು ಗಡಿಯಾರ ನೋಡಿದಳು. "ನಾಲ್ಕು ಗಂಟೆ ಆರು ನಿಮಿಷ."

"ಹೊಸದು ಬಹಳ ವೇಗ ಮೇಡಂ. ಇದನ್ನ ಬರೆದ ಟೀಚರ್ ಅಂತ ಒಬ್ಬರಿದ್ದಾರೆ, ತುಂಬಾ..."

"ಗೊತ್ತು. ಟಿಪ್ಪಣಿ ಚೆನ್ನಾಗಿ ಬರೆದಿದ್ದಾರೆ."

ಅವಳು ಡ್ರಾಯರಿನಿಂದ ಒಂದು ಲಕೋಟೆ ತೆಗೆದಳು. ಕಂಪನಿಯ ಲಕೋಟೆ. ಟಿಪ್ಪಣಿಯ ಕಾಗದದ ಪ್ರತಿಯನ್ನು ವಾರ ಮೊದಲೇ ಅಂಚೆಗೆ ಹಾಕುವುದು ಒಂದನೇ ಆವೃತ್ತಿಯಿಂದ ಬಂದ ರೂಢಿ. ಅವನೇ ಟೀಚರಿಗೆ ಹೇಳಿಕೊಟ್ಟಿದ್ದ. ರಿಜಿಸ್ಟರ್ ತಂದಿಟ್ಟ ದಿನವೇ ಟೀಚರ್ ಅಚ್ಚು ಹಾಕಿ ಲಕೋಟೆಗೆ ತುಂಬಿಟ್ಟಿರಬೇಕು. ಅವನು ಅಳಿಸಿದ್ದು ಪರದೆಯ ಮೇಲೆ ಮಾತ್ರ. ಮೂರನೆಯ ಪುಟದಲ್ಲಿ ಒಂದು ವಾಕ್ಯದ ಕೆಳಗೆ ಪೆನ್ಸಿಲ್ ಗೆರೆಯಿತ್ತು.

"4.2ರಿಂದಲೂ ತಿಳಿದಿತ್ತು," ಅವಳು ಓದಿದಳು. "ಯಾರಿಗೆ ಸಾರ್?"

ಹೊರಗೆ ಯಾವುದೋ ಬಸ್ಸು ಹಿಂದಕ್ಕೆ ಸರಿಯುತ್ತ ಪೀಂ ಪೀಂ ಎನ್ನುತ್ತಿತ್ತು. ಅದು ನಿಲ್ಲುವವರೆಗೂ ಅವನು ಕಾದ.

"ನನಗೆ."

"ಸರಿ ಮಾಡೋಕೆ ಎಷ್ಟು ಕೆಲಸ ಇತ್ತು?"

"ಒಂದು ಸಾಲು."

"ನಮ್ಮ ಸಾಲಾ? ಮೀನು, ಕೊಡೆ, ಬಾಗಿಲು?"

"ಅದಕ್ಕಿಂತ ಚಿಕ್ಕದು."

ಅವಳು ಕಾಗದವನ್ನು ಮಡಿಸಿ ಲಕೋಟೆಯೊಳಗಿಟ್ಟಳು. "ಪ್ರತಿ ಆವೃತ್ತಿ ಬಂದಾಗ್ಲೂ ಟಿಪ್ಪಣೀಲಿ ಮೊದಲು ಇದನ್ನೇ ಹುಡುಕ್ತಿದ್ದೆ. ಇಲ್ಲ ಅಂದಾಗ, ಪಾಪ, ಬಹಳ ಕಷ್ಟದ್ದಿರಬೇಕು, ಒಬ್ಬರೇ ಎಷ್ಟು ಅಂತ ಮಾಡ್ತಾರೆ ಅಂದ್ಕೊಳ್ತಿದ್ದೆ. ಕಲಿಸಿ ಅಂದ್ರೆ ಹೆದರಿಸಿದ್ರಿ. ನಾನೂ ಹೆದರಿಕೊಂಡೆ, ದಡ್ಡಿ."

"ನೀವು ದಡ್ಡಿ ಅಲ್ಲ ಮೇಡಂ. ನನಗೆ..." ಅವನು ನಿಲ್ಲಿಸಿದ. ದಾರಿಯಲ್ಲಿ ಜೋಡಿಸಿದ್ದರಲ್ಲಿ ಇದಿರಲಿಲ್ಲ. "ಇದೊಂದೇ ಫೋನು ಬರ್ತಿದ್ದದ್ದು."

ಅವಳು ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಕಿಟಕಿಯ ಹತ್ತಿರ ಹೋಗಿ ನಿಂತಳು. ಸ್ವಲ್ಪ ಹೊತ್ತಿಗೆ ದೂರದೂರಿನ ಬಸ್ಸೊಂದು ಬಂದು ಕಿಟಕಿಯ ಎದುರಿಗೇ ನಿಂತಿತು. ಜನ ಇಳಿದು ಕೈಕಾಲು ಸಡಿಲಿಸಿದರು, ಯಾರೋ ನಲ್ಲಿಯ ಕಡೆ ಓಡಿದರು.

"ನಾಲ್ಕು ಇಪ್ಪತ್ತರ ಬಸ್ಸು," ಎಂದಳು. "ಇಪ್ಪತ್ತೈದು ನಿಮಿಷ ನಿಲ್ಲುತ್ತೆ. ನಮ್ಮಕ್ಕ ಪ್ರತಿ ತಿಂಗಳು ಇದರಲ್ಲಿ ಆಸ್ಪತ್ರೆಗೆ ಹೋಗ್ತಿದ್ಲು. ತಿಂಗಳ ಮೊದಲ ಸೋಮವಾರ. ನಾನು ಇಲ್ಲಿ ಫೋನ್ ಹಿಡ್ಕೊಂಡು ಸುಳ್ಳು ಬಸ್ಸು ಹತ್ತಿಸ್ತಾ ಇರ್ತಿದ್ದೆ, ಅವಳು ಅಲ್ಲಿ ನಿಂತು ಗಾಜು ಬಡೀತಿದ್ಲು. ಐದೇ ನಿಮಿಷ ಅಂತಿದ್ದೆ. ಹೊರಗೆ ಹೋಗೋ ಹೊತ್ತಿಗೆ ಕಂಡಕ್ಟರ್ ಸೀಟಿ ಊದ್ತಿದ್ದ. ಕಿಟಕೀಲಿ ಕೈ ಆಡಿಸೋದಷ್ಟೇ ಆಗ್ತಿತ್ತು."

"ಕೇಳಿಸ್ತಿತ್ತು," ಎಂದ ಅವನು. "ಗಾಜಿನ ಸದ್ದು."

"ಕೇಳಿಸ್ತಿತ್ತಲ್ವಾ?"

"ಈಗ ಅವರು ಬರಲ್ವಾ?"

"ಬರೋಕೆ ಈಗ ಅವಳೇ ಇಲ್ಲ."

ಅವಳು ಗಾಜಿನ ಕೆಳಮೂಲೆಯ, ಅಕ್ಕ ಬಡಿಯುತ್ತಿದ್ದ ಜಾಗದ ಮಸುಕನ್ನು ಒರೆಸಲಿಲ್ಲ. ಅದರ ಪಕ್ಕದಲ್ಲಿ ಬೆರಳಿಟ್ಟು ನಿಂತಿದ್ದಳು. ಅವನು ಎದ್ದು ಚೀಲಕ್ಕೆ ಕೈಹಾಕಿದ, ಅದರಲ್ಲಿ ತೆಗೆಯಬೇಕಾದ್ದು ಏನೂ ಇರಲಿಲ್ಲ. ಪರದೆಯ ಮೇಲೆ ಕೋಷ್ಟಕ ಹಾಗೇ ನಿಂತಿತ್ತು, ಸಾಲಿಗೆ ಹದಿನೆಂಟು ಮನೆಗಳು, ಒಂದೂ ತಪ್ಪಿರಲಿಲ್ಲ. ನಾಲ್ಕು ಮುಕ್ಕಾಲಿಗೆ ಹೊರಗೆ ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟು ಅಂಗಳ ಬಯಲಾಯಿತು.

"ಕ್ಷಮಿಸಿ ಅನ್ನೋಕೂ ನನಗೆ ಮುಖ ಇಲ್ಲ," ಎಂದ. ಬಾಗಿಲಿನವರೆಗೆ ಹೋಗಿ ತಿರುಗಿದ. "ಮುಂದಿನ ಸೋಮವಾರಗಳು... ನೀವು ಮಾಡೋದು ಬೇಡ ಮೇಡಂ. ನಾನೇ ಫೋನ್ ಮಾಡ್ತೀನಿ. ಕೆಲಸದ ಮಾತೇನೂ ಬೇಡ. ಎರಡು ನಿಮಿಷ, ಹೇಗಿದ್ದೀರಿ ಅಂತ."

"ಬೇಡ," ಎಂದಳು ಅವಳು.